ಅಗಸೆಯ ನಂಜು

ದ್ವಾದಶಿಯ ಹಿಂದಿನ ಸಂಜೆ ಗಾಂಧಿಬಜಾರಿನಲ್ಲಾಗಲಿ ಜಯನಗರದ ನಾಲ್ಕನೆಯ ಬ್ಲಾಕಿನಲ್ಲಾಗಲಿ ಅಗಸೆ ಸೊಪ್ಪಿಗೆ ಬರುವ ಬೆಲೆಯನ್ನು ಕೊಂಡವರೇ ಬಲ್ಲರು. ಏಕಾದಶಿ ಮಾಡಿದವರಿಗೆ ಮರುದಿನದ ಪಾರಣೆಗೆ ಅದು ಬೇಕು. ಉಳಿದ ದಿನಗಳಲ್ಲಿ ಅದನ್ನು ಕೇಳುವವರು ಕಡಮೆ. ಕಳೆದ ವರ್ಷ ಇಂಥದೇ ಒಂದು ಸಂಜೆ ನಾನು ಒಂದು ಕಟ್ಟನ್ನು ಕೈಗೆತ್ತಿಕೊಂಡಾಗ ಮಾರುತ್ತಿದ್ದ ಮುದುಕಿ ಅದನ್ನು ಹಿಂದಕ್ಕೆ ಪಡೆದು, "ಬ್ಯಾಡಿ ಸಾಮಿ, ಅದು ನಂಜಾಗಿರೋ ಸೊಪ್ಪು" ಎಂದು ಬೇರೊಂದು ಕಟ್ಟನ್ನು ಕೊಟ್ಟಳು. ಆಮೇಲೆ ನೋಡಿದರೆ ಎಲೆಗಳ ಮೇಲೆ ಅಲ್ಲಲ್ಲಿ ಹಳದಿಯ ಮಚ್ಚೆಗಳಿದ್ದುವು. ನನ್ನ ಕಣ್ಣಿಗೆ ಅದುವರೆಗೆ ಬಿದ್ದಿರಲಿಲ್ಲ.

ಸೊಪ್ಪಿಗಿಂತ ಆಕೆ ಆಡಿದ ಮಾತು ನನ್ನ ಜೊತೆಯಲ್ಲಿ ಮನೆಗೆ ಬಂದಿತು. ಕನ್ನಡ ಪಾಠ ಹೇಳುವವನಿಗೆ ಇದೊಂದು ರೋಗ. ವಸ್ತುವಿಗಿಂತ ಮೊದಲು ಅದರ ಹೆಸರು ಕಾಣುತ್ತದೆ. ಲ್ಯಾಟಿನ್ನಿನಲ್ಲಿ 'ವೈರಸ್' ಎಂಬ ಪದಕ್ಕೆ ಮೂಲದಲ್ಲಿ ವಿಷ, ನಂಜು ಎಂದೇ ಅರ್ಥ. ವಿದ್ವಾಂಸರು ಯೂರೋಪಿನ ಹಳೆಯ ಭಾಷೆಯಿಂದ ಎರವಲು ತಂದ ಮಾತು ಗಾಂಧಿಬಜಾರಿನ ಮುದುಕಿಯ ಬಾಯಲ್ಲಿ ತನ್ನಷ್ಟಕ್ಕೆ ಇದ್ದಿತು. ಇನ್ನು 'ಅಗಸೆ'ಯ ಗತಿಯೋ, ಒಂದು ಹೆಸರಿಗೆ ಮೂವರು ಒಡೆಯರು. ಎಣ್ಣೆಬೀಜದ ಅಗಸೆ ಒಂದು. ವೀಳ್ಯದೆಲೆಯ ಬಳ್ಳಿಗೆ ಆಸರೆಯಾಗಿ ತೋಟದಲ್ಲಿ ನೆಡುವ ಅಗಸೆಯ ಮರ ಇನ್ನೊಂದು. ಉತ್ತರ ಕರ್ನಾಟಕದಲ್ಲಿ ಊರ ಹೆಬ್ಬಾಗಿಲಿಗೂ ಅಗಸೆಯೆಂದೇ ಹೆಸರು. ನಾನು ಹೇಳಹೊರಟಿರುವುದು ಮರದ ಅಗಸೆಯ ವಿಚಾರ, ಸಸ್ಯಶಾಸ್ತ್ರಜ್ಞರು ಸೆಸ್ಬೇನಿಯ ಗ್ರಾಂಡಿಫ್ಲೋರ ಎಂದು ಕರೆಯುವ ಮರ. ಆದರೆ ಬಾಗಿಲಿನ ಅಗಸೆಯನ್ನೂ ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ಈ ಮರದ ಎಲೆಗೆ ತಗಲುವ ಒಂದು ವೈರಸ್ಸು ತಿರುಪತಿಯ ಸುತ್ತಿನ ಹೊಲಗಳಲ್ಲಿ ಕಂಡುಬಂದಿತು. ಅದನ್ನು ಮೊದಲು ವರದಿ ಮಾಡಿದವರು ಶ್ರೀನಿವಾಸುಲು ಮತ್ತು ನಾಯುಡು, ವರ್ಷ 1982. ಸೆಸ್ಬೇನಿಯ ಮೊಸೇಯಿಕ್ ವೈರಸ್ಸೆಂದು ಅದರ ಹೆಸರು. ನಾನು ಕಂಡ ಆ ಕಟ್ಟಿನ ಮಚ್ಚೆ ಇದರದೇ ಎಂದು ಹೇಳಲು ಪರೀಕ್ಷೆಯಿಲ್ಲದೆ ಯಾರಿಗೂ ಬರುವುದಿಲ್ಲ. ಎಲೆ ಹಳದಿಯಾಗುವುದಕ್ಕೆ ನೂರು ಕಾರಣಗಳುಂಟು. ಸೊಪ್ಪು ತಿನ್ನುವವರು ಅಂಜಬೇಕಾದ್ದೂ ಇಲ್ಲ. ಗಿಡದ ವೈರಸ್ಸು ಗಿಡಕ್ಕೆ ಶತ್ರು. ಮನುಷ್ಯನ ಶರೀರದಲ್ಲಿ ಅದು ಬೆಳೆಯಲಾರದು. ಈ ಒಂದು ಗುಣವೇ ಮುಂದೆ ಅದಕ್ಕೆ ಒದಗಿದ ಭಾಗ್ಯಕ್ಕೆ ಕಾರಣವಾಯಿತು. ತಿರುಪತಿಯಿಂದ ಹೊರಟ ಈ ನಂಜು ಬೆಂಗಳೂರಿನಲ್ಲಿ ಎರಡು ದಶಕಗಳಿಗೂ ಮೇಲ್ಪಟ್ಟು ಪರೀಕ್ಷೆಗೊಳಗಾಗಿ, ಕೊನೆಗೆ ಮದ್ದನ್ನು ಜೀವಕೋಶದ ಒಳಕ್ಕೆ ಹೊತ್ತೊಯ್ಯುವ ವಾಹನವಾಯಿತು. ಬೆಂಗಳೂರಿನ ಚರಿತ್ರೆಯೆಂದರೆ ಕೆಂಪೇಗೌಡರ ಗೋಪುರ, ದಂಡಿನ ಪ್ರದೇಶ, ಆಮೇಲೆ ಒಮ್ಮೆಲೇ ಕಂಪ್ಯೂಟರು ಎಂದು ಹೇಳಿ ಮುಗಿಸುವ ನಾವು ಈ ಅಧ್ಯಾಯವನ್ನು ಓದಿಯೇ ಇಲ್ಲ.

ವೈರಸ್ಸೆಂಬುದು ಏನು? ಒಳಗೆ ಆರ್.ಎನ್.ಎ. ಎಂಬ ಎಳೆ, ಹೊರಗೆ ಪ್ರೋಟೀನಿನ ಚಿಪ್ಪು. ಸರಳವಾದ ಸಸ್ಯವೈರಸ್ಸುಗಳಲ್ಲಿ ಇಷ್ಟೇ. ಹಿಂದಿನ ಕನ್ನಡ ಪಠ್ಯಗಳಲ್ಲಿ ಪ್ರೋಟೀನಿಗೆ 'ಸಸಾರಜನಕ' ಎಂಬ ಹೆಸರಿದ್ದಿತು. ಅದು ಬೇಳೆಕಾಳಿನ ಪಾಠದೊಡನೆಯೇ ನಿಂತುಹೋಯಿತು. 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ಹೊಗೆಸೊಪ್ಪಿನ ವೈರಸ್ಸನ್ನು ಉಪ್ಪು ಸಕ್ಕರೆಗಳಂತೆ ಹರಳುಗಟ್ಟಿಸಿದಾಗ ಲೋಕ ಬೆರಗಾಯಿತು. ಅದಕ್ಕೂ ಬೆರಗಿನದು 1955ರಲ್ಲಿ ಬರ್ಕ್‌ಲಿಯಲ್ಲಿ ನಡೆದದ್ದು. ಫ್ರೆಂಕೆಲ್-ಕಾನ್ರಾಟ್ ಮತ್ತು ರಾಬ್ಲಿ ವಿಲಿಯಮ್ಸ್ ಅದೇ ವೈರಸ್ಸನ್ನು ಬಿಚ್ಚಿ, ಪ್ರೋಟೀನು ಬೇರೆ ಎಳೆ ಬೇರೆ ಮಾಡಿ, ಮತ್ತೆ ಎರಡನ್ನೂ ಒಂದೇ ನೀರಿನಲ್ಲಿ ಕೂಡಿಸಿದರು. ಯಾರೂ ಕೈಹಾಕಿ ಜೋಡಿಸದೆ ಎರಡು ಸಾವಿರಕ್ಕೂ ಹೆಚ್ಚು ಪ್ರೋಟೀನಿನ ತುಣುಕುಗಳು ಎಳೆಯ ಸುತ್ತ ಸಾಲಾಗಿ ಕುಳಿತು, ಗಿಡಕ್ಕೆ ರೋಗ ತರಬಲ್ಲ ವೈರಸ್ಸು ಮರಳಿ ಮೈತಳೆಯಿತು.

ಇದನ್ನೇ ಸ್ವಯಂಜೋಡಣೆ ಎನ್ನುತ್ತಾರೆ. ಈ 'ಸ್ವಯಂ' ಎಂಬ ಮಾತು ಸ್ವಲ್ಪ ಮೋಸ ಮಾಡುತ್ತದೆ. ತುಣುಕುಗಳಿಗೆ ಬುದ್ಧಿಯುಂಟೆಂಬ ಭ್ರಮೆ ಹುಟ್ಟಿಸುತ್ತದೆ. ನಡೆಯುವುದು ಇಷ್ಟೆ: ನೀರಿನ ಶಾಖಕ್ಕೆ ತುಣುಕುಗಳು ಒಂದನ್ನೊಂದು ಸದಾ ಡಿಕ್ಕಿ ಹೊಡೆಯುತ್ತಿರುತ್ತವೆ. ಸರಿಯಲ್ಲದ ಜಾಗದಲ್ಲಿ ತಗಲಿಕೊಂಡದ್ದು ಬಿಟ್ಟುಹೋಗುತ್ತದೆ. ಉಬ್ಬಿಗೆ ತಗ್ಗು, ಧನಕ್ಕೆ ಋಣ ಸರಿಹೊಂದಿದ್ದು ಉಳಿಯುತ್ತದೆ. ಒಂದೊಂದು ಬಂಧವೂ ದುರ್ಬಲವೇ. ಎಲ್ಲವೂ ಕೂಡಿದಾಗ ಮಾತ್ರ ಚಿಪ್ಪು ಗಟ್ಟಿ. ಬಂಧ ಮೊದಲಿನಿಂದಲೇ ಬಲವಾಗಿದ್ದರೆ ತಪ್ಪಾಗಿ ಕೂತದ್ದು ತಪ್ಪಾಗಿಯೇ ಉಳಿದು ಬರಿಯ ಉಂಡೆಗಟ್ಟುತ್ತಿತ್ತು.

ಚೆಂಡಿನಾಕಾರದ ವೈರಸ್ಸುಗಳ ಲೆಕ್ಕ ಬಿಡಿಸಿದವರು ಡೊನಾಲ್ಡ್ ಕ್ಯಾಸ್ಪರ್ ಮತ್ತು ಆರನ್ ಕ್ಲೂಗ್, 1962ರಲ್ಲಿ. ಅವರ ಲೆಕ್ಕವನ್ನು ತಿಳಿಯಲು ಜಯನಗರದ ಯಾವುದಾದರೂ ಆಟದ ಮೈದಾನಕ್ಕೆ ಹೋಗಿ ಹಳೆಯ ಮಾದರಿಯ ಕಾಲ್ಚೆಂಡನ್ನು ನೋಡಿದರೆ ಸಾಕು. ಐದು ಮೂಲೆಯ ಕರಿಯ ತುಂಡುಗಳು 12, ಆರು ಮೂಲೆಯ ಬಿಳಿಯ ತುಂಡುಗಳು 20. ಮೂಲೆಗೊಂದರಂತೆ ಪ್ರೋಟೀನು ಕೂರಿಸಿದರೆ ಐದು ಹನ್ನೆರಡಲಿ ಅರವತ್ತು, ಆರು ಇಪ್ಪತ್ತಲಿ ನೂರಿಪ್ಪತ್ತು, ಒಟ್ಟು 180. ಅಗಸೆಯ ವೈರಸ್ಸಿನ ಚಿಪ್ಪಿನಲ್ಲಿರುವ ತುಣುಕುಗಳೂ 180. ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕವಾದವು. ಆದರೂ ಕೆಲವು ಐವರ ಕೂಟದಲ್ಲಿ, ಕೆಲವು ಆರರ ಕೂಟದಲ್ಲಿ ಕೂರಬೇಕು. 60 ಮಾತ್ರ ಇರುವ ಚಿಕ್ಕ ಚೆಂಡಾದರೆ ಈ ತೊಡಕಿಲ್ಲ. ಅಲ್ಲಿ ಎಲ್ಲರ ಸ್ಥಾನವೂ ಒಂದೇ. 180 ಆದಾಗ, ತಾನು ಎಲ್ಲಿ ಹೇಗೆ ಬಾಗಬೇಕೆಂಬುದು ತುಣುಕಿಗೆ ಹೇಗೆ ಗೊತ್ತಾಗುತ್ತದೆ? ಈ ಪ್ರಶ್ನೆಯೇ ಬೆಂಗಳೂರಿನಲ್ಲಿ ಬಹುಕಾಲ ಚರ್ಚೆಯಾದದ್ದು.

ದಕ್ಷಿಣ ಬೆಂಗಳೂರಿನ ಹಿರಿಯರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟು ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಮಲ್ಲೇಶ್ವರದಾಚೆ ಇದೆ. ಅಲ್ಲಿಯ ಜೀವರಸಾಯನ ವಿಭಾಗ 1921ರಷ್ಟು ಹಳೆಯದು. ಪ್ರೋಟೀನಿನ ಎಳೆ ಯಾವ ಯಾವ ಕೋನಗಳಲ್ಲಿ ಮಡಿಯಬಲ್ಲುದು, ಯಾವುದರಲ್ಲಿ ಮಡಿಯಲಾರದು ಎಂಬುದನ್ನು 1963ರಲ್ಲಿ ಮದರಾಸಿನಲ್ಲಿ ಒಂದು ನಕ್ಷೆಯಲ್ಲಿ ತೋರಿಸಿಕೊಟ್ಟ ಜಿ. ಎನ್. ರಾಮಚಂದ್ರನ್ ಅವರು, ಸತೀಶ್ ಧವನ್ ನಿರ್ದೇಶಕರಾಗಿದ್ದ ಕಾಲದಲ್ಲಿ ಬೆಂಗಳೂರಿಗೆ ಬಂದು 1971ರಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು. ಇಂದು ಲೋಕದ ಯಾವ ಮೂಲೆಯಲ್ಲಿ ಪ್ರೋಟೀನು ರಚಿಸುವವರೂ ಆ ನಕ್ಷೆಯನ್ನು ಹಿಡಿದೇ ತಮ್ಮ ಕೆಲಸವನ್ನು ಒರೆಹಚ್ಚುತ್ತಾರೆ. ನಮ್ಮ ಕಥೆಗೆ ಬೇಕಾದವರು ಈ ಎರಡು ವಿಭಾಗಗಳಲ್ಲಿ ಒಬ್ಬೊಬ್ಬರು. ಜೀವರಸಾಯನದಲ್ಲಿ ಎಚ್. ಎಸ್. ಸಾವಿತ್ರಿ; ಅಣುಜೀವಭೌತದಲ್ಲಿ ಎಂ. ಆರ್. ಎನ್. ಮೂರ್ತಿ. ಮೂರ್ತಿಯವರು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಮೈಕೇಲ್ ರಾಸ್‌ಮನ್ ಅವರೊಡನೆ ಕೆಲಸ ಮಾಡಿ ಬಂದವರು. ಆ ರಾಸ್‌ಮನ್ನರ ಗುಂಪೇ 1980ರಲ್ಲಿ ಹುರುಳಿಕಾಯಿಯ ಜಾತಿಯ ಗಿಡಕ್ಕೆ ತಗಲುವ ಒಂದು ವೈರಸ್ಸಿನ ರಚನೆಯನ್ನು ಬಿಡಿಸಿದ್ದಿತು. ತಿರುಪತಿಯ ಅಗಸೆ ನಂಜು ಅದಕ್ಕೆ ಹತ್ತಿರದ ದಾಯಾದಿ.

ರಚನೆ ಬಿಡಿಸುವುದೆಂದರೆ ಎಲೆಯನ್ನು ಅರೆದು, ಸೋಸಿ, ವೈರಸ್ಸನ್ನು ಹರಳುಗಟ್ಟಿಸಿ, ಹರಳಿನ ಮೂಲಕ ಕ್ಷ-ಕಿರಣ ಹಾಯಿಸಿ, ಚದರಿದ ಕಿರಣಗಳ ಚುಕ್ಕಿಗಳಿಂದ ಲೆಕ್ಕ ಹಾಕಿ ಪರಮಾಣುಗಳ ನೆಲೆಯನ್ನು ಊಹಿಸುವುದು. ವೈರಸ್ಸಿನಂಥ ದೊಡ್ಡ ವಸ್ತುವಿಗೆ ಚುಕ್ಕಿಗಳು ಅಸಂಖ್ಯ. 1993ರಲ್ಲಿ ಮಸುಕಾದ ಒಂದು ಚಿತ್ರ ಹೊರಬಂದಿತು. ಅದರ ವಿವರ 4.7 ಆಂಗ್‌ಸ್ಟ್ರಾಂ ಮಟ್ಟದ್ದು. ಆ ಲೇಖನದ ಕರ್ತೃಗಳಲ್ಲಿ ತಿರುಪತಿಯ ನಾಯುಡು ಅವರ ಹೆಸರೂ ಇದೆ. 1995ರ ವೇಳೆಗೆ ಅದು 3 ಆಂಗ್‌ಸ್ಟ್ರಾಂ ಆಗಿ, ಎಳೆ ಎಲ್ಲಿಂದ ಎಲ್ಲಿಗೆ ಸಾಗುತ್ತದೆಂಬುದು ಕಣ್ಣಿಗೆ ಕಾಣುವಷ್ಟು ತಿಳಿಯಾಯಿತು. ಚೆಂಡಿನ ಅಡ್ಡಗಲ ಸುಮಾರು 30 ನ್ಯಾನೊಮೀಟರು. ನ್ಯಾನೊಮೀಟರೆಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಇಂಥ ಚೆಂಡುಗಳನ್ನು ಒಂದು ಕೂದಲಿನ ಅಗಲಕ್ಕೆ ಸಾಲಾಗಿ ಇಟ್ಟರೆ ಎರಡು ಸಾವಿರಕ್ಕೂ ಹೆಚ್ಚು ಹಿಡಿಸುತ್ತವೆ. ಇಷ್ಟು ಕೆಲಸವಾದಾಗ ಔಷಧದ ಮಾತೇ ಇದ್ದಿಲ್ಲ. ಅಗಸೆ ಎಲೆಯ ರೋಗಕ್ಕೆ ಇಷ್ಟು ಹಣವೇ ಎಂದು ಯಾರಾದರೂ ಅಂದು ಕೇಳಿದ್ದರೆ ಕೊಡಲು ಸಿದ್ಧವಾದ ಉತ್ತರವೂ ಇದ್ದೀತೆಂದು ನನಗನಿಸುವುದಿಲ್ಲ.

ಆ ಬಳಿಕ ಎಲೆಯ ಹಂಗೂ ತಪ್ಪಿತು. ಚಿಪ್ಪಿನ ಪ್ರೋಟೀನಿನ ಜೀನನ್ನು ಇ. ಕೋಲೈ ಎಂಬ ಬ್ಯಾಕ್ಟೀರಿಯಕ್ಕೆ ಸೇರಿಸಿದರೆ ಅದು ತನ್ನೊಳಗೇ ಆ ಪ್ರೋಟೀನನ್ನು ಮಾಡಿತು; ಮಾಡಿದ್ದು ಅಲ್ಲಿಯೇ ಚೆಂಡಾಗಿ ಕೂಡಿಕೊಂಡಿತು. ವೈರಸ್ಸಿನ ಎಳೆಯಿಲ್ಲದ್ದರಿಂದ ಇದಕ್ಕೆ ಗಿಡಕ್ಕೂ ರೋಗ ತರುವ ಶಕ್ತಿಯಿಲ್ಲ. ವೈರಸ್ಸಿನ ವೇಷ ಮಾತ್ರ. ಈಗ ಜೀನಿನಲ್ಲಿ ಕತ್ತರಿಯಾಡಿಸಿ, ಪ್ರೋಟೀನಿನ ಯಾವ ಭಾಗ ಚೆಂಡಿಗೆ ಅವಶ್ಯ, ಯಾವುದು ಅಲ್ಲ ಎಂದು ನೋಡುವುದು ಸಾಧ್ಯವಾಯಿತು.

ಈ ಪ್ರೋಟೀನಿನಲ್ಲಿ 268 ಅಮೈನೋ ಆಮ್ಲಗಳ ಮಣಿಗಳಿವೆ. ಮೊದಲ ಅರುವತ್ತೈದರಷ್ಟು ಮಣಿಗಳು ಒಂದು ತೋಳಿನಂತೆ ಚೆಂಡಿನ ಒಳಕ್ಕೆ ಚಾಚಿಕೊಂಡಿರುತ್ತವೆ. ಕೆಲವು ತುಣುಕುಗಳಲ್ಲಿ ಮಾತ್ರ ಈ ತೋಳು ಕ್ರಮವಾಗಿ ನಿಂತು, ಮೂರು ಮೂರು ತೋಳುಗಳು ಸೇರಿ ಒಂದು ಬಳೆಯಂಥ ಆಕಾರ ಮಾಡುತ್ತವೆ. 2002ರಲ್ಲಿ ಲೋಕೇಶ್ ಮತ್ತು ಸಂಗಡಿಗರು ತೋಳನ್ನು ಸ್ವಲ್ಪಸ್ವಲ್ಪವಾಗಿ ಕತ್ತರಿಸಿ ನೋಡಿದರು. ಮೊದಲ 22 ಮಣಿ ತೆಗೆದರೆ ಚೆಂಡಿಗೆ ಏನೂ ಆಗಲಿಲ್ಲ, ಅದೇ 180. ಎಲ್ಲ 65ನ್ನೂ ತೆಗೆದಾಗ ಚೆಂಡು ಒಡೆಯಲಿಲ್ಲ, ಚಿಕ್ಕದಾಯಿತು. 60 ತುಣುಕುಗಳ ಚೆಂಡಾಯಿತು. ಹಾಗಾದರೆ ದೊಡ್ಡದೋ ಚಿಕ್ಕದೋ ಎಂದು ನಿರ್ಣಯಿಸುವ ಗುಂಡಿ ಈ ತೋಳಿನಲ್ಲೇ ಇದೆ; ಆ ಬಳೆಯೇ ಗುಂಡಿಯಾಗಿರಬೇಕು ಎಂದು ತೋರಿದ್ದು ಸಹಜ. ಇದೇ ಬಗೆಯ ಇತರ ವೈರಸ್ಸುಗಳ ವಿಷಯದಲ್ಲೂ ಅಂಥ ಅಭಿಪ್ರಾಯವೇ ಬೇರೂರಿದ್ದಿತು.

ಅಲ್ಲಿಗೇ ನಿಲ್ಲಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಇವರು ಬಳೆಯನ್ನು ಮಾತ್ರ ತೆಗೆದು ನೋಡಿದರು. 48ರಿಂದ 59ರವರೆಗಿನ ಹನ್ನೆರಡು ಮಣಿಗಳು ಹೋಗಿ ಉಳಿದ ತೋಳು ಹಾಗೆಯೇ ಉಳಿಯಿತು. ಚೆಂಡು ಚಿಕ್ಕದಾಗಬೇಕಾಗಿತ್ತು. ಆಗಲಿಲ್ಲ, 180ರ ಚೆಂಡೇ ಬಂದಿತು. ಪಪ್ಪಚ್ಚನ್ ಮತ್ತು ಸಂಗಡಿಗರು 2008ರಲ್ಲಿ ಅದರ ಹರಳಿನ ರಚನೆಯನ್ನೇ ಪ್ರಕಟಿಸಿದರು. ಬಳೆ ಚೆಂಡನ್ನು ಕಟ್ಟುವ ಕಾರಣವಲ್ಲ, ಚೆಂಡು ಕಟ್ಟಿಯಾದ ಮೇಲೆ ಆಗುವ ಫಲ. ಮಂಟಪ ನಿಂತ ಮೇಲೆ ಕಟ್ಟಿದ ತೋರಣವನ್ನು ಅಷ್ಟು ದಿನ ಕಂಬವೆಂದು ಬಗೆದಂತಾಗಿತ್ತು. ತಾವೇ ಆರು ವರ್ಷದ ಹಿಂದೆ ಒಲಿದಿದ್ದ ಅಭಿಪ್ರಾಯವನ್ನು ತಾವೇ ಪ್ರಯೋಗದಿಂದ ಕೆಡವಿದ ಈ ಘಟ್ಟ, ಇಡೀ ಕಥೆಯಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದದ್ದು. ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಕವಿಗಳ ಕಾಲನಿರ್ಣಯ ಮಾಡಿದವರಲ್ಲಿ ಇಂಥ ಧೈರ್ಯವನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಇದರ ಜೊತೆಯಲ್ಲೇ ಇನ್ನೊಂದು ವೈರಸ್ಸಿನ ಕೆಲಸವೂ ಸಾಗಿತ್ತು. ಕಾಗದದಂಥ ಹೊದಿಕೆಯೊಳಗೆ ಗೋಲಿಯಷ್ಟು ಹಣ್ಣು ಬಿಡುವ, ಬದನೆಯ ಕುಲದ ಫೈಸಾಲಿಸ್ ಗಿಡದ್ದು ಅದು. ಅದರ ಚಿಪ್ಪಿನ ಪ್ರೋಟೀನೂ ಬ್ಯಾಕ್ಟೀರಿಯದಲ್ಲಿ ತಾನಾಗಿ ಚೆಂಡಾಗುವುದೆಂದು ಸಾವಿತ್ರಿಯವರ ಗುಂಪು 1997ರಲ್ಲಿ ತೋರಿಸಿತು. ಅದರ ಮುಂದಿನ ತುದಿಯನ್ನು ಸಾಕಷ್ಟು ಕತ್ತರಿಸಿದರೂ ಅದು ಸಹಿಸುತ್ತದೆ. ಹಿಂದಿನ ತುದಿಗೆ ಕೈ ಹಚ್ಚಿದರೆ ಕೆಡುತ್ತದೆ. ಇಂಥ ಒಣ ವಿವರಗಳೇ ಮುಂದಿನವರಿಗೆ ಬಂಡವಾಳವಾದುವು. ಎಲ್ಲಿ ಕತ್ತರಿಸಬಹುದೆಂದು ತಿಳಿದರೆ ಎಲ್ಲಿ ಹೊಸತನ್ನು ಸೇರಿಸಬಹುದೆಂಬುದೂ ತಿಳಿದಂತೆಯೇ.

ಸೇರಿಸುವ ಕೆಲಸ ಅಗಸೆಯ ಚೆಂಡಿನಲ್ಲಿ ನಡೆಯಿತು. ಅದಕ್ಕೆ ಹಿನ್ನೆಲೆಯಾಗಿ ಒಂದು ಮಾತು. ಪ್ರತಿಕಾಯಗಳೆಂಬುವು ನಮ್ಮ ರಕ್ತದಲ್ಲಿ ಕಾವಲು ಕಾಯುವ ಪ್ರೋಟೀನುಗಳು. ಗುರಿಯಿಟ್ಟ ಒಂದೇ ವಸ್ತುವನ್ನು ಹಿಡಿಯುವಂತೆ ಅವನ್ನು ತಯಾರಿಸಿ ಈಗ ಕ್ಯಾನ್ಸರಿಗೂ ಇತರ ರೋಗಗಳಿಗೂ ಔಷಧವಾಗಿ ಕೊಡುತ್ತಾರೆ. ಆದರೆ ಅವಕ್ಕೆ ಒಂದು ಕೊರತೆ. ಜೀವಕೋಶದ ಗೋಡೆಯಾಚೆ ಅವು ಹೋಗಲಾರವು; ಊರ ಅಗಸೆಯ ಹೊರಗೇ ನಿಂತು ಹೋರಾಡಬೇಕು. ಶತ್ರು ಒಳಗೆ ಸೇರಿಬಿಟ್ಟಿದ್ದರೆ ನಿಷ್ಪ್ರಯೋಜಕ.

ಅಗಸೆಯ ಚೆಂಡು ಮನುಷ್ಯರ ಹಾಗೂ ಪ್ರಾಣಿಗಳ ಜೀವಕೋಶಗಳೊಳಕ್ಕೆ ತಾನಾಗಿ ಹೋಗಬಲ್ಲುದೆಂದು ಕಂಡುಬಂದಿತು. ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯದ ಮೈಮೇಲೆ 'ಪ್ರೋಟೀನ್ ಎ' ಎಂಬುದೊಂದಿದೆ. ಪ್ರತಿಕಾಯದ ಬಾಲವನ್ನು ಹಿಡಿದುಕೊಳ್ಳುವುದು ಅದರ ಗುಣ. ಅದರ ಒಂದು ತುಂಡನ್ನು ತಂದು, ಅಗಸೆಯ ಪ್ರೋಟೀನಿನಲ್ಲಿ ಚೆಂಡಿನ ಹೊರಮೈಗೆ ಬರುವ ಒಂದು ಕುಣಿಕೆಯೊಳಗೆ ಕಸಿ ಕಟ್ಟಿದರು. ಇಷ್ಟು ದೊಡ್ಡ ಪರಕೀಯ ತುಂಡು ಸೇರಿದರೂ ಪ್ರೋಟೀನು ಚೆಂಡಾಗುವುದನ್ನು ಮರೆಯಲಿಲ್ಲ. ಈಗ ಚೆಂಡಿನ ಮೈತುಂಬ ಕೈಗಳು. ಯಾವ ಪ್ರತಿಕಾಯವನ್ನು ಕೊಟ್ಟರೂ ಬಾಲ ಹಿಡಿದು ಹೊರುತ್ತದೆ. ಅಂಬಿಲಿ ಅಬ್ರಹಾಂ, ಉಷಾ ನಟರಾಜ್, ಅಂಜಲಿ ಕರಂದೆ, ಮೂರ್ತಿ, ಸಾವಿತ್ರಿ ಮೊದಲಾದವರ ಈ ಲೇಖನ 2016ರಲ್ಲಿ ಬೆಳಕು ಕಂಡಿತು.

ಮೂರು ಪ್ರತಿಕಾಯಗಳನ್ನು ಹೊರಿಸಿ ನೋಡಿದ್ದರು. ಒಂದು, ಜೀವಕೋಶದ ಒಳಗಿನ ಟ್ಯೂಬುಲಿನ್ ಎಂಬ ಪ್ರೋಟೀನನ್ನು ಹಿಡಿಯುವಂಥದು. ಇನ್ನೊಂದು, ಸ್ತನದ ಕ್ಯಾನ್ಸರಿಗೆ ವೈದ್ಯರು ಕೊಡುವ ಔಷಧ. ಮೂರನೆಯದು ಗುಲಗಂಜಿಯ ವಿಷಕ್ಕೆ ಎದುರಾದದ್ದು. ಅಕ್ಕಸಾಲಿಗನು ಚಿನ್ನ ತೂಗುತ್ತಿದ್ದ ಆ ಕೆಂಪು ಕಪ್ಪಿನ ಚೆಲುವಾದ ಬೀಜದಲ್ಲಿ ಏಬ್ರಿನ್ ಎಂಬ ಘೋರವಿಷವಿದೆ. ಅದು ಜೀವಕೋಶದ ಒಳಹೊಕ್ಕು ಪ್ರೋಟೀನು ತಯಾರಿಸುವ ಯಂತ್ರವನ್ನೇ ಕೆಡಿಸುತ್ತದೆ. ಬರಿಯ ಪ್ರತಿಕಾಯವನ್ನು ಕೊಟ್ಟದ್ದಕ್ಕಿಂತ ಚೆಂಡಿನ ಮೇಲೆ ಹೊರಿಸಿ ಕೊಟ್ಟಾಗ ಫಲ ಬಹಳ ಹೆಚ್ಚಾಗಿತ್ತು. ಗುಲಗಂಜಿಯ ನಂಜಿಗೆ ಮದ್ದನ್ನು ಅಗಸೆಯ ನಂಜು ಹೊತ್ತು ತಂದಿತೆಂಬುದು ಸೊಪ್ಪಿನ ಮುದುಕಿಗೆ ಹೇಳಿದರೆ ನಂಬುವ ಮಾತಲ್ಲ.

ಇದನ್ನು 'ವಿನ್ಯಾಸ' ಎನ್ನಬಹುದೆ ಎಂದು ಕೇಳುವವರಿದ್ದಾರೆ. ಅಮೆರಿಕದ ಡೇವಿಡ್ ಬೇಕರ್ ಅವರು ಪ್ರಕೃತಿಯಲ್ಲಿ ಎಂದೂ ಇದ್ದಿರದ ಪ್ರೋಟೀನುಗಳನ್ನು ಕಂಪ್ಯೂಟರಿನಲ್ಲಿ ರಚಿಸಿ, ತಾವಾಗಿ ಚೆಂಡುಗಟ್ಟುವಂತೆ ಮಾಡಿದರು. ಅಂಥ ಚೆಂಡಿನ ಮೇಲೆ ಕಟ್ಟಿದ ಒಂದು ಕೋವಿಡ್ ಲಸಿಕೆಗೆ 2022ರಲ್ಲಿ ದಕ್ಷಿಣ ಕೊರಿಯ ಒಪ್ಪಿಗೆ ಕೊಟ್ಟಿತು. ಬೇಕರರಿಗೆ 2024ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಅರ್ಧ ಸಂದಿತು. ಅದು ಹೊಸ ಬೀಜ ಸೃಷ್ಟಿಸುವ ದಾರಿ. ಬೆಂಗಳೂರಿನವರದು ಇದ್ದ ಮರಕ್ಕೆ ಕಸಿ ಕಟ್ಟುವ ದಾರಿ. ಕಸಿ ಕಟ್ಟುವವನು ಯಾವ ಕೊಂಬೆಯಲ್ಲಿ ರಸ ಹರಿಯುತ್ತದೆಂದು ಬಲ್ಲವನಾಗಿರಬೇಕು. ಅದು ಕೀಳೆಂದು ನನಗೆ ತೋರುವುದಿಲ್ಲ.

ಫೈಸಾಲಿಸ್ ಗಿಡದ ಚೆಂಡು ಸಮುದ್ರ ದಾಟಿತು. ಅಮೆರಿಕದಲ್ಲಿ ನಿಕೋಲ್ ಸ್ಟೈನ್‌ಮೆಟ್ಸ್ ಅವರ ಗುಂಪು, ಆಂಧ್ರದ ಹೇಮಾ ಮಸಾರಪು ಅವರೂ ಸೇರಿ, 2017ರಲ್ಲಿ ಅದರ ಪೊಳ್ಳಿನಲ್ಲಿ ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಮದ್ದನ್ನು ತುಂಬಿ, ಅದು ಕ್ಯಾನ್ಸರಿನ ಕೋಶಗಳನ್ನು ಕೊಲ್ಲುವುದೆಂದು ತೋರಿಸಿತು. ಮೂರ್ತಿಯವರು ವಿಜ್ಞಾನ ಸಂಸ್ಥೆಯಿಂದ ನಿವೃತ್ತರಾದ ಬಳಿಕ ನಮ್ಮ ದಕ್ಷಿಣದ ಕಡೆಗೆ, ಎಲೆಕ್ಟ್ರಾನಿಕ್ಸ್ ಸಿಟಿಯ ಒಂದು ಸಂಶೋಧನಾಲಯಕ್ಕೆ ಬಂದು ಕೆಲಸ ಮುಂದುವರಿಸಿದರು.

ಆದರೆ ಓದುಗರಲ್ಲಿ ಯಾರಾದರೂ ತಮ್ಮ ಮನೆಯ ರೋಗಿಗಾಗಿ ಇದನ್ನು ಎಲ್ಲಿ ಕೊಳ್ಳಬಹುದೆಂದು ಕೇಳಿಯಾರೆಂಬ ಭಯದಿಂದ ಹೇಳಿಬಿಡಬೇಕು. ಮೇಲೆ ವರ್ಣಿಸಿದ ಪ್ರಯೋಗಗಳು ಬಟ್ಟಲಿನಲ್ಲಿ ಬೆಳೆಸಿದ ಕೋಶಗಳ ಮೇಲೆ ನಡೆದವು, ರೋಗಿಯ ಮೇಲಲ್ಲ. ಬಟ್ಟಲಿನಲ್ಲಿ ರಕ್ತವಿಲ್ಲ, ಯಕೃತ್ತಿಲ್ಲ, ಪರಕೀಯ ಪ್ರೋಟೀನನ್ನು ಕಂಡರೆ ಸಿಡಿದೇಳುವ ರಕ್ಷಣಾಪಡೆಯಿಲ್ಲ. ಒಮ್ಮೆ ಕೊಟ್ಟ ಚೆಂಡಿನ ವಿರುದ್ಧ ಶರೀರ ತಾನೇ ಪ್ರತಿಕಾಯ ತಯಾರಿಸಿಕೊಂಡರೆ ಎರಡನೆಯ ಸಲ ಅದು ದಾರಿಯಲ್ಲೇ ಸಿಕ್ಕಿಬೀಳಬಹುದು. ಅಗಸೆ ಬಾಗಿಲು ದಾಟಿದ ಮೇಲೂ ಕಷ್ಟ ಮುಗಿಯದು. ಕೋಶವು ಹೊರಗಿನಿಂದ ಬಂದದ್ದನ್ನು ಚೀಲದೊಳಗೆ ಸುತ್ತಿಕೊಂಡು ಅರಗಿಸಿಬಿಡುವ ಭಾಗಕ್ಕೆ ಒಯ್ಯುತ್ತದೆ. 2017ರ ಪ್ರಯೋಗದಲ್ಲಿ ಚೆಂಡುಗಳು ಆರು ಗಂಟೆಯೊಳಗೆ ಅಲ್ಲಿಗೆ ಹೋಗಿ ಸೇರಿದ್ದುವು. ಡಾಕ್ಸೊರುಬಿಸಿನ್ನಿನಂಥ ಚಿಕ್ಕ ಅಣು ಅಲ್ಲಿಂದ ಸೋರಿ ಹೊರಬರಬಲ್ಲುದು. ಪ್ರತಿಕಾಯದಂಥ ದೊಡ್ಡ ಹೊರೆಯನ್ನು ಅರಗುವ ಮುನ್ನ ಆ ಚೀಲದಿಂದ ಹೊರಕ್ಕೆ ತರುವ ಬಗೆ ಈ ಹಾದಿಯಲ್ಲಿ ಕೆಲಸ ಮಾಡುತ್ತಿರುವವರೆಲ್ಲರ ಮುಂದೆ ಇರುವ ಪ್ರಶ್ನೆ.